ಲಿನಕ್ಸ್ ಲ್ಯಾಪ್‌ಟಾಪಿಗೆ ಹೊರಗಿನ ಹಾರ್ಡ್‌ಡಿಸ್ಕ್: ಕೊಳ್ಳುವುದರಿಂದ ಕೆಟ್ಟಾಗ ಉಳಿಸಿಕೊಳ್ಳುವವರೆಗೆ

ಡ್ರೈವ್ ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಇದು ಊರು ತಿರುಗುವ ಡ್ರೈವೋ, ಮನೆಯಲ್ಲಿ ಕೂರುವ ಡ್ರೈವೋ? ಫ್ಲೆಕ್ಸ್ ಅಂಗಡಿ, ಕಾಲೇಜಿನ ಲ್ಯಾಬ್, ಟಿವಿ, ಗೆಳೆಯರ ವಿಂಡೋಸ್ ಕಂಪ್ಯೂಟರ್ ಎಲ್ಲಕ್ಕೂ ಹೋಗಿ ಬರುವುದು ಒಂದು ಬಗೆ. ನಿಮ್ಮ ಲಿನಕ್ಸ್ ಲ್ಯಾಪ್‌ಟಾಪಿಗೆ ಬಿಟ್ಟು ಬೇರೆ ಯಾವುದಕ್ಕೂ ಸೇರದೆ ಬ್ಯಾಕಪ್ ಹಿಡಿದಿಡುವುದು ಇನ್ನೊಂದು ಬಗೆ. ಫಾರ್ಮ್ಯಾಟ್ (ಡ್ರೈವಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ), ಕೇಬಲ್, ಪಾಸ್‌ವರ್ಡ್, ಇಡುವ ಜಾಗ ಎಲ್ಲವೂ ಈ ಉತ್ತರದ ಮೇಲೆ ನಿಂತಿವೆ. ಒಂದೇ ಡ್ರೈವಿನಿಂದ ಎರಡೂ ಕೆಲಸ ತೆಗೆಯಲು ಹೋದರೆ ಡೇಟಾ ಕಳೆದುಕೊಳ್ಳುವ ಅಪಾಯ ಹೆಚ್ಚು. ಹಾಗಾಗಿ ಇಡೀ ಬರಹದಲ್ಲಿ ಇವನ್ನು ‘ತಿರುಗುವ ಡ್ರೈವ್’ ಮತ್ತು ‘ಮನೆ ಡ್ರೈವ್’ ಎಂದೇ ಕರೆಯುತ್ತೇವೆ.

ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದಿದೆ. ಆಜ್ಞೆ ಕೊಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಹೆಚ್ಚಿನ ಕೆಲಸ ಉಬುಂಟು, ಫೆಡೋರಾಗಳಲ್ಲಿ ಸಿಗುವ ‘ಡಿಸ್ಕ್ಸ್’ ಆ್ಯಪ್‌ನಲ್ಲೇ ಮುಗಿಯುತ್ತದೆ.

ಯಾವುದನ್ನು ಕೊಳ್ಳಬೇಕು

ತಿರುಗುವ ಡ್ರೈವಿಗೆ ಎಸ್‌ಎಸ್‌ಡಿ ಕೊಳ್ಳಿ. ಒಳಗೆ ತಿರುಗುವ ಭಾಗ ಯಾವುದೂ ಇಲ್ಲದ ಕಾರಣ ಸಿಂಧನೂರಿನಿಂದ ರಾಯಚೂರಿಗೆ ಬಸ್ಸಿನಲ್ಲಿ ಕುಲುಕಿಕೊಂಡು ಹೋದರೂ ಅದಕ್ಕೆ ಏನೂ ಆಗುವುದಿಲ್ಲ. ಮನೆ ಡ್ರೈವಿಗೆ ಸಾಧಾರಣ ಹಾರ್ಡ್‌ಡಿಸ್ಕ್ ಸಾಕು, ಕೊಟ್ಟ ದುಡ್ಡಿಗೆ ಹೆಚ್ಚು ಜಾಗ ಸಿಗುತ್ತದೆ.

ಹಾರ್ಡ್‌ಡಿಸ್ಕ್‌ಗಳಲ್ಲಿ ಎರಡು ಅಳತೆ ಇವೆ. ಅಂಗೈಯಲ್ಲಿ ಹಿಡಿಯುವ 2.5 ಇಂಚಿನದು ಯುಎಸ್‌ಬಿ ಕೇಬಲ್‌ನಿಂದಲೇ ಕರೆಂಟ್ ಪಡೆಯುತ್ತದೆ. ದಪ್ಪನೆಯ 3.5 ಇಂಚಿನದಕ್ಕೆ ಪ್ರತ್ಯೇಕ 12 ವೋಲ್ಟ್ ಅಡಾಪ್ಟರ್ ಬೇಕು. ನಮ್ಮ ಊರುಗಳಲ್ಲಿ ಈ ವ್ಯತ್ಯಾಸ ದೊಡ್ಡದು. ಕರೆಂಟ್ ಹೋದರೂ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡುತ್ತಿರುತ್ತದೆ, ಅದರಿಂದಲೇ ಕರೆಂಟ್ ಪಡೆಯುವ 2.5 ಇಂಚಿನ ಡಿಸ್ಕೂ ಓಡುತ್ತಿರುತ್ತದೆ. ಗೋಡೆಯ ಪ್ಲಗ್ಗಿಗೆ ಕಟ್ಟುಬಿದ್ದ 3.5 ಇಂಚಿನ ಡಿಸ್ಕ್ ಮಾತ್ರ ಫೈಲ್ ಬರೆಯುತ್ತಿದ್ದ ಹಾಗೆಯೇ ಸತ್ತುಬಿಡುತ್ತದೆ. ಅಂಥ ಡಿಸ್ಕ್ ಈಗಾಗಲೇ ಇದ್ದರೆ ಅಡಾಪ್ಟರನ್ನು ಯುಪಿಎಸ್‌ಗೆ ಹಾಕಿ. ಮನೆಯ ಇನ್ವರ್ಟರ್ ಮೇಲೆ ಓಡಿಸುತ್ತಿದ್ದರೆ ಅದರ ಹಿಂದಿನ ಸ್ವಿಚ್ ‘ಯುಪಿಎಸ್’ ಕಡೆಗಿದೆಯೇ ನೋಡಿ. ಇನ್ನೊಂದು ಕಡೆ ಇದ್ದರೆ ಬದಲಾಗುವ ಹೊತ್ತಿನಲ್ಲಿ ಕಂಪ್ಯೂಟರ್ ಸಾಮಾನು ಆರಿಹೋಗುವಷ್ಟು ತಡವಾಗಬಹುದು.

ಕಡಿಮೆ ಬೆಲೆಗೆ ‘2 ಟಿಬಿ ಪೆನ್‌ಡ್ರೈವ್’ ಸಿಕ್ಕರೆ ನಂಬಬೇಡಿ. ಒಳಗೆ 32 ಅಥವಾ 64 ಜಿಬಿಯ ಚಿಪ್ ಇಟ್ಟು, ಕಂಟ್ರೋಲರ್‌ನಿಂದ 2 ಟಿಬಿ ಎಂದು ಸುಳ್ಳು ಹೇಳಿಸುವ ಮಾಲು ಅದು. ನಿಜವಾದ ಜಾಗ ತುಂಬುವವರೆಗೂ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆಮೇಲೆ ಬರೆದದ್ದು ಎಲ್ಲೂ ಉಳಿಯುವುದಿಲ್ಲ, ಫೈಲಿನ ಹೆಸರು ಮಾತ್ರ ಉಳಿಯುತ್ತದೆ.

ಪೋರ್ಟ್ ಮತ್ತು ಕೇಬಲ್

ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, ಯುಎಸ್‌ಬಿ 3 ಕೊಡುವುದು 900. ಹಾರ್ಡ್‌ಡಿಸ್ಕ್ ತಟ್ಟೆ ತಿರುಗಲು ಶುರುವಾಗುವ ಮೊದಲ ಕ್ಷಣದಲ್ಲಿ ಅತಿ ಹೆಚ್ಚು ಕರೆಂಟ್ ಎಳೆಯುತ್ತದೆ. ಅದು ಸಿಗದಿದ್ದರೆ ‘ಟಿಕ್’ ಎಂದು ಶುರುವಾಗಿ ನಿಲ್ಲುತ್ತದೆ, ಮತ್ತೆ ‘ಟಿಕ್’ ಎನ್ನುತ್ತದೆ. ದೀಪ ಮಿನುಗುತ್ತದೆ, ಪರದೆಯ ಮೇಲೆ ಏನೂ ಬರುವುದಿಲ್ಲ. ಡಿಸ್ಕ್ ಕೆಟ್ಟಿತೆಂದು ಅಂಗಡಿಗೆ ಒಯ್ಯುವ ಮೊದಲು ಹಬ್ ತೆಗೆದು ನೇರವಾಗಿ ಲ್ಯಾಪ್‌ಟಾಪಿನ ನೀಲಿ (ಯುಎಸ್‌ಬಿ 3) ಪೋರ್ಟಿಗೆ ಹಾಕಿ, ಬೇರೆ ಗಿಡ್ಡ ಕೇಬಲ್ ಹಾಕಿ ನೋಡಿ. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ.

ವೇಗದ ಲೆಕ್ಕವನ್ನೂ ಮಾಡಿಕೊಳ್ಳಿ. ಯುಎಸ್‌ಬಿ 2ರಲ್ಲಿ ಸೆಕೆಂಡಿಗೆ 35 ಎಂಬಿ ಸುತ್ತ ಹೋಗುತ್ತದೆ, 500 ಜಿಬಿ ನಕಲಿಗೆ ನಾಲ್ಕು ಗಂಟೆ ಬೇಕು. ಅದೇ ಹಾರ್ಡ್‌ಡಿಸ್ಕ್ ಯುಎಸ್‌ಬಿ 3ರಲ್ಲಿ 110 ಎಂಬಿ ಮುಟ್ಟಿದರೆ ಒಂದೂಕಾಲು ಗಂಟೆ. ಯಾವ ವೇಗದಲ್ಲಿ ಸೇರಿದೆ ಎಂದು ನೋಡಲು «ಎಲ್‌ಎಸ್‌ಯುಎಸ್‌ಬಿ -ಟಿ» ಎಂದು ಕೊಡಿ. ಡ್ರೈವಿನ ಸಾಲಿನ ಕೊನೆಯಲ್ಲಿ 480ಎಂ ಎಂದಿದ್ದರೆ ಯುಎಸ್‌ಬಿ 2, 5000ಎಂ ಎಂದಿದ್ದರೆ ಯುಎಸ್‌ಬಿ 3. ನೀಲಿ ಪೋರ್ಟಿನಲ್ಲಿದ್ದರೂ 480 ತೋರಿದರೆ ತಪ್ಪು ಕೇಬಲ್‌ನದು, ಇಲ್ಲವೇ ಪೂರ್ತಿ ಒಳಗೆ ಕೂತಿಲ್ಲ. ಹಾರ್ಡ್‌ಡಿಸ್ಕಿನ ಆ ಅಗಲವಾದ ಮೈಕ್ರೊ-ಬಿ ಬಾಯಿ ಬೇಗ ಸಡಿಲಾಗುತ್ತದೆ, ಧೂಳು ಸೇರಿದರಂತೂ ಇನ್ನೂ ಬೇಗ. ಬಾಯಿಂದ ಊದಬೇಡಿ, ಎಂಜಲಿನ ಪಸೆ ಒಳಗೆ ಹೋಗುತ್ತದೆ. ಕ್ಯಾಮೆರಾ ಒರೆಸುವವರ ಹತ್ತಿರ ಇರುವ ರಬ್ಬರ್ ಊದುಬುರುಡೆ ಇದಕ್ಕೆ ಸರಿ.

ಹಾಕಿದ ಮೇಲೆ ಮೊದಲು ನೋಡುವುದು

ಟರ್ಮಿನಲ್‌ನಲ್ಲಿ «ಎಲ್‌ಎಸ್‌ಬಿಎಲ್‌ಕೆ -ಎಫ್» ಕೊಡಿ. ಸೇರಿರುವ ಡಿಸ್ಕ್‌ಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಈಚಿನ ಲ್ಯಾಪ್‌ಟಾಪುಗಳ ಒಳಗಿನ ಡಿಸ್ಕ್ ಸಾಮಾನ್ಯವಾಗಿ ‘ಎನ್‌ವಿಎಂಇ0ಎನ್1’ ಎಂದಿರುತ್ತದೆ, ಹೊರಗಿನದು ‘ಎಸ್‌ಡಿಎ’ ಅಥವಾ ‘ಎಸ್‌ಡಿಬಿ’. ಹಳೆಯ ಲ್ಯಾಪ್‌ಟಾಪಿನಲ್ಲಿ ಒಳಗಿನದೇ ‘ಎಸ್‌ಡಿಎ’ ಆಗಿರುತ್ತದೆ. ಈ ಹೆಸರು ಶಾಶ್ವತವಲ್ಲ, ಇವತ್ತಿನ ‘ಎಸ್‌ಡಿಬಿ’ ನಾಳೆ ‘ಎಸ್‌ಡಿಸಿ’ ಆಗಬಹುದು. ಆದ್ದರಿಂದ ಅಳಿಸುವ ಯಾವ ಕೆಲಸಕ್ಕೂ ಮುನ್ನ ಹೆಸರನ್ನಲ್ಲ, ಗಾತ್ರವನ್ನು ನೋಡಿ ಗುರುತಿಸಿ. ಬರೀ «ಎಲ್‌ಎಸ್‌ಬಿಎಲ್‌ಕೆ» ಎಂದರೆ ಗಾತ್ರದ ಕಾಲಂ ಬರುತ್ತದೆ. 1 ಟಿಬಿ ಡಿಸ್ಕ್ ಅಲ್ಲಿ 931.5ಜಿ ಎಂದು ಕಾಣುತ್ತದೆ. ಅಂಗಡಿಯವರು ಜಾಗ ಕದ್ದಿಲ್ಲ: ತಯಾರಕರು 1000ದ ಲೆಕ್ಕ ಹಿಡಿಯುತ್ತಾರೆ, ಈ ಆಜ್ಞೆ 1024ರ ಲೆಕ್ಕ ಹಿಡಿಯುತ್ತದೆ.

ಹೊಸ ಡಿಸ್ಕಿನ ಆರೋಗ್ಯವನ್ನು ಬಿಲ್ ಕೈಯಲ್ಲಿರುವಾಗಲೇ ನೋಡಿ. ‘ಸ್ಮಾರ್ಟ್‌ಮಾನ್‌ಟೂಲ್ಸ್’ ಪ್ಯಾಕೇಜ್ ಹಾಕಿಕೊಂಡು «ಸುಡೊ ಸ್ಮಾರ್ಟ್‌ಸಿಟಿಎಲ್ -ಎ -ಡಿ ಎಸ್‌ಎಟಿ /ಡೆವ್/ಎಸ್‌ಡಿಬಿ» ಎಂದರೆ ‘ಸ್ಮಾರ್ಟ್’ ಎಂಬ ಉದ್ದನೆಯ ಆರೋಗ್ಯ ಕೋಷ್ಟಕ ಬರುತ್ತದೆ. ಹಾರ್ಡ್‌ಡಿಸ್ಕಿನಲ್ಲಿ ಐದು ಸಾಲುಗಳು ನಿಮಗೆ ಮುಖ್ಯ, ಪ್ರತಿಯೊಂದರಲ್ಲೂ ಕೊನೆಯ ಕಾಲಂ ನೋಡಿ. 5ನೇ ಸಂಖ್ಯೆಯದು ಕೆಟ್ಟು ಬದಲಿಸಿದ ಸೆಕ್ಟರ್‌ಗಳು (ಡಿಸ್ಕಿನ ಸಣ್ಣ ತುಂಡುಗಳು), 197 ಓದಲಾಗದೆ ಬಾಕಿ ಇರುವವು, 198 ಸರಿಪಡಿಸಲಾಗದವು. ಹೊಸ ಡಿಸ್ಕಿನಲ್ಲಿ ಮೂರೂ ಸೊನ್ನೆ ಇರಬೇಕು. 9ನೇ ಸಂಖ್ಯೆ ಓಡಿದ ಗಂಟೆಗಳದು. ‘ಸೀಲ್ ಒಡೆಯದ’ ಡಿಸ್ಕಿನಲ್ಲಿ ಅದು ಸಾವಿರಗಟ್ಟಲೆ ತೋರಿಸಿದರೆ ಹಳೆಯ ಮಾಲನ್ನು ಹೊಸ ಡಬ್ಬಿಗೆ ಹಾಕಿ ಕೊಟ್ಟಿದ್ದಾರೆ. 199 ಡೇಟಾ ಸಾಗುವಾಗಿನ ದೋಷಗಳದು, ಅದು ಏರುತ್ತಾ ಹೋದರೆ ಡಿಸ್ಕಿಗಿಂತ ಮೊದಲು ಡಿಸ್ಕ್ ಕೂರಿಸಿರುವ ಡಬ್ಬಿಯೊಳಗಿನ ಜೋಡಣೆಯನ್ನು ಅನುಮಾನಿಸಿ.

ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡಿಗೆ ‘ಎಫ್3’ ಎಂಬ ಪ್ಯಾಕೇಜ್ ಇದೆ. «ಎಫ್3ರೈಟ್» ಖಾಲಿ ಜಾಗವನ್ನೆಲ್ಲ ತುಂಬುತ್ತದೆ, «ಎಫ್3ರೀಡ್» ಅದನ್ನೇ ಓದಿ ಎಷ್ಟು ಉಳಿದಿದೆ, ಎಷ್ಟು ಹಾಳಾಗಿದೆ ಎಂದು ಹೇಳುತ್ತದೆ. 64 ಜಿಬಿಯ ನಿಧಾನದ ಪೆನ್‌ಡ್ರೈವ್ ತುಂಬಲು ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಆದರೂ ಮದುವೆ ಫೋಟೊ ತೆಗೆದ ಮೆಮೊರಿ ಕಾರ್ಡ್ ಖಾಲಿ ಬಂದ ಮೇಲೆ ಪರದಾಡುವುದಕ್ಕಿಂತ ಈ ಒಂದು ಗಂಟೆ ಕೊಡುವುದು ಎಷ್ಟೋ ಮೇಲು.

ಯಾವ ಫಾರ್ಮ್ಯಾಟ್

ಫ್ಯಾಟ್32 ಎಲ್ಲ ಕಡೆ ಓಡುತ್ತದೆ: ಹಳೆಯ ಟಿವಿ, ಕಾರಿನ ಸ್ಟೀರಿಯೊ, ಜೆರಾಕ್ಸ್ ಅಂಗಡಿಯ ಪ್ರಿಂಟರ್. ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ. ಡಿಸ್ಕಿನಲ್ಲಿ 50 ಜಿಬಿ ಖಾಲಿ ಇದ್ದರೂ ಮದುವೆ ವಿಡಿಯೊ ನಕಲು 4 ಜಿಬಿಗೆ ಬಂದು ನಿಂತರೆ ಕಾರಣ ಇದೇ. ಚಿಕ್ಕ ಪೆನ್‌ಡ್ರೈವಿಗೆ ಮಾತ್ರ ಇದನ್ನು ಇಟ್ಟುಕೊಳ್ಳಿ.

ತಿರುಗುವ ಡ್ರೈವಿಗೆ ಎಕ್ಸ್‌ಫ್ಯಾಟ್ ಸರಿ. ವಿಂಡೋಸ್, ಮ್ಯಾಕ್, ಈಚಿನ ಟಿವಿಗಳು ಓದುತ್ತವೆ. ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ 2020ರ 5.7 ಆವೃತ್ತಿಯಿಂದ ಇದರ ಒಳ್ಳೆಯ ಡ್ರೈವರ್ ಸೇರಿದೆ. ಫಾರ್ಮ್ಯಾಟ್ ಮಾಡಲು ‘ಎಕ್ಸ್‌ಫ್ಯಾಟ್‌ಪ್ರಾಗ್ಸ್’ ಪ್ಯಾಕೇಜ್ ಬೇಕು. ಇದರ ದೋಷ ಎರಡು. ಒಂದು, ಇದಕ್ಕೆ ಜರ್ನಲ್ ಇಲ್ಲ. ಏನು ಬರೆಯಲು ಹೊರಟಿದ್ದೆ ಎಂಬ ಟಿಪ್ಪಣಿಯನ್ನು ಮೊದಲೇ ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ನಡುವೆ ಕಿತ್ತರೆ ಏಟು ಜೋರಾಗಿ ಬೀಳುತ್ತದೆ. ಎರಡು, ದೊಡ್ಡ ಡ್ರೈವಿನಲ್ಲಿ ಪ್ರತಿ ಫೈಲಿಗೂ ಕನಿಷ್ಠ 128 ಕೆಬಿ ಜಾಗ ಹಿಡಿಯುತ್ತದೆ. ತಲಾ 4 ಕೆಬಿಯ ಒಂದು ಲಕ್ಷ ಸಣ್ಣ ಫೈಲುಗಳಿದ್ದರೆ ನಿಜವಾದ ಗಾತ್ರ 400 ಎಂಬಿ, ನುಂಗುವ ಜಾಗ 12.8 ಜಿಬಿ. ಪ್ರೋಗ್ರಾಮಿಂಗ್ ಪ್ರಾಜೆಕ್ಟ್ ಒಯ್ಯುವ ವಿದ್ಯಾರ್ಥಿಗಳು ಫೋಲ್ಡರನ್ನು ಮೊದಲು ಜಿಪ್ ಮಾಡಿ ಒಂದೇ ಫೈಲಾಗಿ ಹಾಕುವುದು ಜಾಣತನ.

ಮನೆ ಡ್ರೈವಿಗೆ ಇಎಕ್ಸ್‌ಟಿ4, ಎರಡನೇ ಯೋಚನೆ ಬೇಡ. ಜರ್ನಲ್ ಇದೆ, ಲಿನಕ್ಸ್‌ನ ಅನುಮತಿಗಳನ್ನೂ ಲಿಂಕ್‌ಗಳನ್ನೂ ಇದ್ದ ಹಾಗೆ ಇಡುತ್ತದೆ. ಆದರೆ ಇದನ್ನು ವಿಂಡೋಸ್‌ಗೆ ಹಾಕಿದರೆ ‘ಬಳಸುವ ಮೊದಲು ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂಬ ಪೆಟ್ಟಿಗೆ ಏಳುತ್ತದೆ. ಮನೆಯ ಯಾರಾದರೂ ತಿಳಿಯದೆ ಸರಿ ಎಂದು ಒತ್ತಿದರೆ ವರ್ಷಗಳ ಫೋಟೊ ಹೋಯಿತು. ಡ್ರೈವಿನ ಮೈಮೇಲೆ ಕಾಗದ ಅಂಟಿಸಿ ‘ಲಿನಕ್ಸ್ ಮಾತ್ರ, ವಿಂಡೋಸ್‌ಗೆ ಹಾಕಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದಿಡಿ.

ವಿಂಡೋಸ್‌ನ ಸ್ವಂತ ಫಾರ್ಮ್ಯಾಟ್ ಆದ ಎನ್‌ಟಿಎಫ್‌ಎಸ್ ಇರುವ ಡ್ರೈವನ್ನು ಲಿನಕ್ಸ್ ಓದುತ್ತದೆ, ಬರೆಯುತ್ತದೆ, 2021ರ 5.15 ಕರ್ನೆಲ್‌ನಿಂದ ಕರ್ನೆಲ್‌ನೊಳಗೇ ಡ್ರೈವರ್ ಇದೆ, ಅದಕ್ಕೂ ಮೊದಲಿನಿಂದ ‘ಎನ್‌ಟಿಎಫ್‌ಎಸ್-3ಜಿ’ ಇದೆ. ಆದರೆ ಅದು ಹಾಳಾದಾಗ ಪೂರ್ತಿ ರಿಪೇರಿ ಮಾಡುವ ಉಪಕರಣ ಇರುವುದು ವಿಂಡೋಸ್‌ನಲ್ಲಿ. ಹೊಸದಾಗಿ ನೀವೇ ಇದನ್ನು ಆರಿಸಿಕೊಳ್ಳಬೇಡಿ.

ಫಾರ್ಮ್ಯಾಟ್ ಮಾಡುವ ಕ್ರಮ

ಇದರಿಂದ ಡ್ರೈವಿನಲ್ಲಿರುವುದೆಲ್ಲ ಹೋಗುತ್ತದೆ. ಬೇರೆ ಡ್ರೈವುಗಳನ್ನು ಮೊದಲು ಕಳಚಿಡಿ, ತಪ್ಪು ಕೈಗೆ ದಾರಿಯೇ ಇರಬಾರದು.

1. ‘ಡಿಸ್ಕ್ಸ್’ ತೆರೆದು ಎಡಪಟ್ಟಿಯಲ್ಲಿ ಹೊರಗಿನ ಡ್ರೈವ್ ಆರಿಸಿ. ಮೇಲೆ ಬರುವ ಮಾಡೆಲ್ ಹೆಸರು, ಗಾತ್ರ ಎರಡನ್ನೂ ಓದಿ.

2. ಮೇಲ್ಭಾಗದ ಮೂರು ಚುಕ್ಕಿಯ ಮೆನುವಿನಲ್ಲಿ ‘ಫಾರ್ಮ್ಯಾಟ್ ಡಿಸ್ಕ್’ ಒತ್ತಿ, ವಿಭಜನೆಯ ಬಗೆಯಾಗಿ ಜಿಪಿಟಿ ಆರಿಸಿ. ಹಳೆಯ ಎಂಬಿಆರ್ ಸುಮಾರು 2 ಟಿಬಿಯ ಆಚೆಗೆ ನೋಡುವುದೇ ಇಲ್ಲ, 4 ಟಿಬಿ ಡಿಸ್ಕಿನ ಅರ್ಧ ಜಾಗ ಮಾಯವಾಗುತ್ತದೆ. ತೀರಾ ಹಳೆಯ ಟಿವಿಗೆ ಹಾಕುವ ಚಿಕ್ಕ ಪೆನ್‌ಡ್ರೈವಿಗೆ ಮಾತ್ರ ಎಂಬಿಆರ್.

3. ಖಾಲಿ ಜಾಗದ ಪಟ್ಟಿಯ ಕೆಳಗಿನ ಕೂಡಿಸುವ ಗುರುತು ಒತ್ತಿ, ಪೂರ್ತಿ ಗಾತ್ರ ಬಿಡಿ. ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, 11 ಅಕ್ಷರದ ಒಳಗೆ ಕೊಡಿ. ಆಜ್ಞೆ ಬರೆಯುವಾಗ ಅನುಕೂಲ, ಎಲ್ಲ ಫಾರ್ಮ್ಯಾಟ್‌ಗಳೂ ಒಪ್ಪುತ್ತವೆ.

4. ಮನೆ ಡ್ರೈವಿಗೆ ‘ಲಿನಕ್ಸ್ ಮಾತ್ರ’ ಎಂಬ ಇಎಕ್ಸ್‌ಟಿ4 ಆಯ್ಕೆ. ತಿರುಗುವ ಡ್ರೈವಿಗೆ ‘ಇತರ’ ಆರಿಸಿ ಮುಂದಿನ ಪುಟದಲ್ಲಿ ಎಕ್ಸ್‌ಫ್ಯಾಟ್. ‘ಅಳಿಸು’ ಸ್ವಿಚ್ ಆಫ್ ಇರಲಿ, ಇಲ್ಲವಾದರೆ ಇಡೀ ಡಿಸ್ಕಿಗೆ ಸೊನ್ನೆ ಬರೆಯುತ್ತಾ ಗಂಟೆಗಟ್ಟಲೆ ಕೂರುತ್ತದೆ.

5. ಮನೆ ಡ್ರೈವಿನಲ್ಲಿ ಆಧಾರ್, ಪಹಣಿ, ಬ್ಯಾಂಕ್ ಕಾಗದಗಳಿದ್ದರೆ ಇಎಕ್ಸ್‌ಟಿ4 ಜೊತೆಗೇ ಇರುವ ಪಾಸ್‌ವರ್ಡ್ ರಕ್ಷಣೆಯ ಪೆಟ್ಟಿಗೆಗೆ ಗುರುತು ಹಾಕಿ. ಅದು ‘ಲಕ್ಸ್’ ಎನ್‌ಕ್ರಿಪ್ಷನ್. ಪಾಸ್‌ವರ್ಡ್ ಮರೆತರೆ ಯಾವ ಅಂಗಡಿಯವರೂ ತೆರೆದುಕೊಡಲಾರರು. ಬರೆದು ಬೀರುವಿನಲ್ಲಿಡಿ, ಡ್ರೈವಿನ ಚೀಲದಲ್ಲಿ ಮಾತ್ರ ಇಡಬೇಡಿ.

ಇಎಕ್ಸ್‌ಟಿ4 ಡ್ರೈವಿಗೆ ಇನ್ನೆರಡು ಕೆಲಸ ಉಳಿಯುತ್ತವೆ. ಶೇ 5ರಷ್ಟು ಜಾಗವನ್ನು ಅದು ರೂಟ್ ಎಂಬ ಮೇಲ್ವಿಚಾರಕ ಬಳಕೆದಾರನಿಗೆ ಕಾದಿರಿಸುತ್ತದೆ, ಅಂದರೆ 1 ಟಿಬಿಯಲ್ಲಿ 50 ಜಿಬಿ. ಸಿಸ್ಟಂ ಡಿಸ್ಕಿಗೆ ಇದು ಬೇಕು, ಬರೀ ಡೇಟಾ ಇಡುವ ಡ್ರೈವಿಗೆ ಬೇಡ. «ಸುಡೊ ಟ್ಯೂನ್2ಎಫ್‌ಎಸ್ -ಎಂ 0 /ಡೆವ್/ಎಸ್‌ಡಿಬಿ1» ಎಂದರೆ ಆ ಜಾಗ ವಾಪಸ್ ಬರುತ್ತದೆ. ‘ಲಕ್ಸ್’ ಹಾಕಿದ್ದರೆ ‘ಎಸ್‌ಡಿಬಿ1’ ಬದಲು, ತೆರೆದ ಮೇಲೆ ಪಟ್ಟಿಯಲ್ಲಿ ಅದರ ಕೆಳಗೆ ಕಾಣುವ ‘ಮ್ಯಾಪರ್’ ಹೆಸರು ಕೊಡಬೇಕು. ಎರಡನೆಯದು ಒಡೆತನ. ಟರ್ಮಿನಲ್‌ನಿಂದಲೋ ಡಿಸ್ಕ್ ವಿಭಜಿಸುವ ‘ಜಿಪಾರ್ಟೆಡ್’ ಆ್ಯಪ್‌ನಿಂದಲೋ ಫಾರ್ಮ್ಯಾಟ್ ಮಾಡಿದ ಡ್ರೈವಿನ ಒಡೆಯ ರೂಟ್ ಆಗಿರುತ್ತಾನೆ, ನಿಮಗೆ ಫೋಲ್ಡರ್ ಮಾಡಲೂ ಬಿಡುವುದಿಲ್ಲ. ಉಬುಂಟುವಿನಲ್ಲಿ ಡ್ರೈವ್ ‘/ಮೀಡಿಯಾ/ನಿಮ್ಮಹೆಸರು/ಡ್ರೈವ್‌ಹೆಸರು’ ಎಂಬಲ್ಲಿ ಕೂರುತ್ತದೆ, ಫೆಡೋರಾದಲ್ಲಿ ‘/ರನ್/ಮೀಡಿಯಾ’ದ ಕೆಳಗೆ. ಆ ದಾರಿಯನ್ನು ಕೊಟ್ಟು «ಸುಡೊ ಚೌನ್ ನಿಮ್ಮಹೆಸರು:» (ಚೌನ್ ಎಂದರೆ chown) ಒಮ್ಮೆ ಓಡಿಸಿದರೆ ಸಾಕು. ಡ್ರೈವ್ ನೆನಪಿಡುವುದು ಹೆಸರನ್ನಲ್ಲ, ಬಳಕೆದಾರನ ಸಂಖ್ಯೆಯನ್ನು; ಮೊದಲ ಬಳಕೆದಾರನಿಗೆ ಸಾಮಾನ್ಯವಾಗಿ 1000. ಇನ್ನೊಂದು ಲ್ಯಾಪ್‌ಟಾಪಿನಲ್ಲಿ ನೀವು 1001 ಆಗಿದ್ದರೆ ಓದಲು ಬರುತ್ತದೆ, ಬರೆಯಲು ಬರುವುದಿಲ್ಲ.

ಕನ್ನಡದಲ್ಲಿ ಹೆಸರಿಟ್ಟ ಫೈಲುಗಳು

ಫೈಲಿಗೆ ಕನ್ನಡದಲ್ಲೇ ಹೆಸರಿಡುವವರು ಇದನ್ನು ತಿಳಿದಿರಲೇಬೇಕು. ಇಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೇಕು. ‘ಕೊಪ್ಪಳ’ ನಮ್ಮ ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರಿಗೆ ಅದು ಕ, ಒ-ಸ್ವರಚಿಹ್ನೆ, ಪ, ವಿರಾಮ, ಪ, ಳ ಎಂಬ ಆರು ಸಂಕೇತ, ಒಟ್ಟು 18 ಬೈಟ್. ಹೀಗೆ ನಿಮಗೆ ಸಿಗುವುದು 85 ಸಂಕೇತ. ಒತ್ತಕ್ಷರ ಹೆಚ್ಚಿದ್ದರೆ 40 ಅಕ್ಷರದೊಳಗೇ ಮುಗಿದುಹೋಗಬಹುದು.

ಎನ್‌ಟಿಎಫ್‌ಎಸ್ ಮತ್ತು ಎಕ್ಸ್‌ಫ್ಯಾಟ್ ಬೈಟ್ ಎಣಿಸುವುದಿಲ್ಲ, 255 ಸಂಕೇತಗಳನ್ನೇ ಒಪ್ಪುತ್ತವೆ. ಹಾಗಾಗಿ ವಿಂಡೋಸ್‌ನಲ್ಲಿ ‘2023-24ನೇ ಸಾಲಿನ ಶಾಲಾಭಿವೃದ್ಧಿ ಸಮಿತಿಯ ಸಭೆಯ ನಡಾವಳಿ…’ ಎಂದು ಒಂದು ಸಾಲು ಉದ್ದಕ್ಕೆ ಹೆಸರಿಟ್ಟ ಫೈಲ್ ಅಲ್ಲಿ ಸಲೀಸಾಗಿರುತ್ತದೆ. ಇಎಕ್ಸ್‌ಟಿ4ಗೆ ನಕಲು ಮಾಡುವಾಗ ‘ಹೆಸರು ಬಹಳ ಉದ್ದ’ ಎಂಬ ದೋಷ ಬರುತ್ತದೆ. ಫೈಲ್ ಕೆಟ್ಟಿಲ್ಲ, ಮೂಲದಲ್ಲೇ ಹೆಸರು ಮೊಟಕು ಮಾಡಿ ಮತ್ತೆ ನಕಲಿಸಿ. ಇದಕ್ಕೆ ತದ್ವಿರುದ್ಧವಾದದ್ದೂ ಇದೆ: ಲಿನಕ್ಸ್‌ನಲ್ಲಿ ‘ಸಭೆ 10:30’ ಎಂದು ಹೆಸರಿಡಬಹುದು, ಎಕ್ಸ್‌ಫ್ಯಾಟ್ ಆ ಎರಡು ಚುಕ್ಕಿಯನ್ನು ಒಪ್ಪುವುದಿಲ್ಲ. ಪ್ರಶ್ನಾರ್ಥಕ, ನಕ್ಷತ್ರ, ಜೋಡಿ ಉದ್ಧರಣ ಚಿಹ್ನೆಗಳಿಗೂ ಇದೇ ಕತೆ.

ನಕಲು ಮುಗಿಯಿತು ಎಂದ ಮೇಲೂ ಮುಗಿದಿರುವುದಿಲ್ಲ

ಲಿನಕ್ಸ್ ಬಳಸುವವರ ಪೆನ್‌ಡ್ರೈವುಗಳಲ್ಲಿ ಫೈಲ್ ಹಾಳಾಗಲು ಒಂದು ದೊಡ್ಡ ಕಾರಣ ಇದು. ನೀವು ನಕಲು ಕೊಟ್ಟಾಗ ಡೇಟಾ ನೇರವಾಗಿ ಡ್ರೈವಿಗೆ ಹೋಗುವುದಿಲ್ಲ. ಮೊದಲು ರ್‍ಯಾಮ್‌ನಲ್ಲಿ ಕೂರುತ್ತದೆ, ಅಲ್ಲಿಂದ ನಿಧಾನವಾಗಿ ಡ್ರೈವಿಗೆ ಇಳಿಯುತ್ತದೆ. 8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಸುಮಾರು ಒಂದು ಜಿಬಿ ಹೀಗೆ ಸಾಲಿನಲ್ಲಿ ನಿಲ್ಲಬಹುದು. ಪರದೆಯ ಹಸಿರು ಪಟ್ಟಿ ಸರ್ರನೆ ಓಡಿ ನೂರಕ್ಕೆ ನೂರು ತೋರಿಸಿದಾಗ, ಸೆಕೆಂಡಿಗೆ 10 ಎಂಬಿ ಬರೆಯುವ ಪೆನ್‌ಡ್ರೈವಿಗೆ ಇನ್ನೂ ಒಂದೂವರೆ ನಿಮಿಷದ ಕೆಲಸ ಬಾಕಿ ಇರುತ್ತದೆ. ಆಗ ಕಿತ್ತರೆ ಫೈಲಿನ ಹೆಸರು ಇರುತ್ತದೆ, ಒಳಗೆ ಅರ್ಧ ಖಾಲಿ.

ಫೈಲ್ಸ್ ಆ್ಯಪ್‌ನಲ್ಲಿ ಡ್ರೈವ್ ಹೆಸರಿನ ಪಕ್ಕದ ಎಜೆಕ್ಟ್ ಗುರುತು ಒತ್ತಿ, ‘ಈಗ ತೆಗೆಯಬಹುದು’ ಎಂಬ ಸಂದೇಶ ಬರುವವರೆಗೆ ಕಾಯಿರಿ. ಎಷ್ಟು ಹೊತ್ತಾದರೂ ಕಾಯಿರಿ. ಟರ್ಮಿನಲ್ ಇಷ್ಟಪಡುವವರು «ಸಿಂಕ್» ಎಂದು ಕೊಟ್ಟರೆ ಬಾಕಿ ಇಳಿಯುವವರೆಗೆ ಟೈಪ್ ಮಾಡುವ ಸಾಲು ವಾಪಸ್ ಬರುವುದಿಲ್ಲ. ಬಂದ ಮೇಲೆ «ಯುಡಿಸ್ಕ್ಸ್‌ಸಿಟಿಎಲ್ ಅನ್‌ಮೌಂಟ್ -ಬಿ /ಡೆವ್/ಎಸ್‌ಡಿಬಿ1», ಆಮೇಲೆ «ಯುಡಿಸ್ಕ್ಸ್‌ಸಿಟಿಎಲ್ ಪವರ್-ಆಫ್ -ಬಿ /ಡೆವ್/ಎಸ್‌ಡಿಬಿ». ಹಾರ್ಡ್‌ಡಿಸ್ಕ್ ಆದರೆ ಪವರ್ ಆಫ್ ಆದಾಗ ಒಳಗಿನ ಗುಂಯ್ ಸದ್ದು ಇಳಿದು ನಿಲ್ಲುತ್ತದೆ. ಕೈಯಿಟ್ಟು ನೋಡಿ, ಅದುರು ನಿಂತ ಮೇಲೆ ಎತ್ತಿ.

‘ಡ್ರೈವ್ ಬಳಕೆಯಲ್ಲಿದೆ’ ಎಂದು ಹಟ ಹಿಡಿದರೆ ಯಾವುದೋ ಪ್ರೋಗ್ರಾಂ ಅದನ್ನು ಹಿಡಿದುಕೊಂಡಿದೆ. ಬಹಳ ಸಲ ಅದು ಆ ಫೋಲ್ಡರಿನೊಳಗೇ ತೆರೆದಿಟ್ಟ ಟರ್ಮಿನಲ್, ಇಲ್ಲವೇ ಮುಚ್ಚಲು ಮರೆತ ವಿಡಿಯೊ ಪ್ಲೇಯರ್. ಕಾಣದಿದ್ದರೆ «ಫ್ಯೂಸರ್ -ವಿಎಂ» ಜೊತೆ ಡ್ರೈವಿನ ದಾರಿ ಕೊಡಿ, ಹಿಡಿದವರ ಹೆಸರು ಬರುತ್ತದೆ.

ದೊಡ್ಡ ನಕಲು ಆರಂಭದಲ್ಲಿ ವೇಗವಾಗಿದ್ದು ಆಮೇಲೆ 20-30 ಎಂಬಿಗೆ ಇಳಿದರೆ ಗಾಬರಿ ಬೇಡ. ಈಗಿನ ಹಲವು 2.5 ಇಂಚಿನ ಹಾರ್ಡ್‌ಡಿಸ್ಕ್‌ಗಳು ಎಸ್‌ಎಂಆರ್ ಬಗೆಯವು, ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸಾಲು ಬರೆಯುತ್ತವೆ. ಒಂದು ಹಂಚು ಬದಲಿಸಲು ಅಕ್ಕಪಕ್ಕದವನ್ನೂ ಎತ್ತಬೇಕಲ್ಲ, ಅದಕ್ಕೇ ಈ ನಿಧಾನ.

ಬಿಸಿಲು

ಹಲವು ಪೋರ್ಟಬಲ್ ಹಾರ್ಡ್‌ಡಿಸ್ಕ್‌ಗಳ ವಿವರಪಟ್ಟಿಯಲ್ಲಿ ಬಳಸುವ ಜಾಗದ ಉಷ್ಣತೆಯ ಮೇಲ್ಮಿತಿ 35 ಡಿಗ್ರಿ ಎಂದಿರುತ್ತದೆ. ರಾಯಚೂರು, ಬಳ್ಳಾರಿಗಳಲ್ಲಿ ಏಪ್ರಿಲ್-ಮೇ ಮಧ್ಯಾಹ್ನ 40 ದಾಟುವುದು ವಾಡಿಕೆ. ಅಂದರೆ ಡಿಸ್ಕ್ ಕೆಲಸ ಶುರು ಮಾಡುವ ಮೊದಲೇ ತಯಾರಕರು ಹಾಕಿದ ಗೆರೆಯ ಆಚೆ ಇದೆ. ಬೇಸಿಗೆಯಲ್ಲಿ ಗಂಟೆಗಟ್ಟಲೆ ನಡೆಯುವ ನಕಲನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ. ಡಿಸ್ಕನ್ನು ಹಾಸಿಗೆ, ದಿಂಬು, ಬಟ್ಟೆಯ ಚೀಲದ ಮೇಲಲ್ಲ, ಶಹಾಬಾದ್ ಕಲ್ಲಿನ ನೆಲದ ಮೇಲೋ ಕಪಾಟಿನ ಮೇಲೋ ಇಡಿ. ಕಲ್ಲು ಶಾಖವನ್ನು ಎಳೆದುಕೊಳ್ಳುತ್ತದೆ. ಹಿಂದೆ ಹೇಳಿದ ಸ್ಮಾರ್ಟ್ ಕೋಷ್ಟಕದಲ್ಲಿ 194ನೇ ಸಾಲು ಡಿಸ್ಕಿನ ಉಷ್ಣತೆ. 55 ಮುಟ್ಟಿದರೆ ನಕಲು ನಿಲ್ಲಿಸಿ ಆರಲು ಬಿಡಿ. ನಿಲ್ಲಿಸಿದ ಬೈಕಿನ ಡಿಕ್ಕಿಯಲ್ಲಿ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಡ್ರೈವ್ ಬಿಡಲೇಬೇಡಿ.

ವಿಂಡೋಸ್‌ನಿಂದ ಬಂದ ಡ್ರೈವ್ ಮೊಂಡು ಹಿಡಿದರೆ

ವಿಂಡೋಸ್ ‘ಶಟ್‌ಡೌನ್’ ಎಂದಾಗ ಹಲವು ಸಲ ಪೂರ್ತಿ ಮಲಗುವುದಿಲ್ಲ. ಬೇಗ ಏಳಲೆಂದು ಅರ್ಧ ನೆನಪನ್ನು ಉಳಿಸಿಕೊಂಡಿರುತ್ತದೆ, ಡ್ರೈವಿನ ಮೇಲೂ ‘ನನ್ನ ಕೆಲಸ ಬಾಕಿ ಇದೆ’ ಎಂಬ ಗುರುತು ಉಳಿಯುತ್ತದೆ. ಆಗ ಲಿನಕ್ಸ್ ಆ ಎನ್‌ಟಿಎಫ್‌ಎಸ್ ಡ್ರೈವನ್ನು ಓದಲು ಮಾತ್ರ ಕೊಡುತ್ತದೆ, ಇಲ್ಲವೇ ‘ತಪ್ಪು ಫೈಲ್ ಸಿಸ್ಟಂ’ ಎಂದು ಬಾಗಿಲು ಹಾಕುತ್ತದೆ. ಸರಿಯಾದ ಪರಿಹಾರ ಇರುವುದು ವಿಂಡೋಸ್ ಕಡೆಯಲ್ಲೇ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕೊಡಿ, ಅಥವಾ ಡ್ರೈವನ್ನು ಅಲ್ಲೇ «ಸಿಎಚ್‌ಕೆಡಿಎಸ್‌ಕೆ /ಎಫ್» ನಿಂದ ಪರೀಕ್ಷಿಸಿ ಎಜೆಕ್ಟ್ ಮಾಡಿ ತನ್ನಿ. ವಿಂಡೋಸ್ ಕೈಗೆ ಸಿಗದಿದ್ದರೆ ಮೊದಲು ಬೇಕಾದದ್ದನ್ನು ನಕಲಿಸಿಕೊಂಡು, ಆಮೇಲಷ್ಟೇ «ಸುಡೊ ಎನ್‌ಟಿಎಫ್‌ಎಸ್‌ಫಿಕ್ಸ್ -ಡಿ /ಡೆವ್/ಎಸ್‌ಡಿಬಿ1». ಅದು ಗುರುತನ್ನು ಅಳಿಸುತ್ತದೆ, ಒಳಗಿನ ದೋಷವನ್ನು ಪೂರ್ತಿ ಸರಿಪಡಿಸುವುದಿಲ್ಲ.

ಜೆರಾಕ್ಸ್ ಅಂಗಡಿಯಿಂದ ಬಂದ ಪೆನ್‌ಡ್ರೈವಿನಲ್ಲಿ ಫೋಲ್ಡರ್‌ಗಳೆಲ್ಲ ಮಾಯವಾಗಿ ಶಾರ್ಟ್‌ಕಟ್‌ಗಳು ಮಾತ್ರ ಉಳಿದಿದ್ದರೆ ಅದು ವಿಂಡೋಸ್ ವೈರಸ್. ಲಿನಕ್ಸ್‌ನಲ್ಲಿ ನಿಮ್ಮ ಫೈಲುಗಳು ಸಾಮಾನ್ಯವಾಗಿ ಅಲ್ಲೇ ಕಾಣುತ್ತವೆ. ಕೆಲವು ವೈರಸ್‌ಗಳು ಅವನ್ನು ಹೆಸರೇ ಇಲ್ಲದಂತೆ ತೋರುವ ಫೋಲ್ಡರಿಗೆ ತುರುಕಿರುತ್ತವೆ. ಅಲ್ಲಿಂದ ನಕಲಿಸಿಕೊಂಡು ಪೆನ್‌ಡ್ರೈವನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿ.

ಮನೆ ಡ್ರೈವಿಗೆ ಖಾಯಂ ಜಾಗ, ಆಮೇಲೆ ಬ್ಯಾಕಪ್

ಪ್ರತಿ ಸಲ ಒಂದೇ ದಾರಿಯಲ್ಲಿ ಡ್ರೈವ್ ಕೂರಬೇಕೆಂದರೆ ‘ಡಿಸ್ಕ್ಸ್’ನಲ್ಲಿ ಆ ವಿಭಾಗದ ಗಾಲಿ ಗುರುತಿನಿಂದ ‘ಮೌಂಟ್ ಆಯ್ಕೆಗಳು’ ತೆರೆಯಿರಿ. ಮೌಂಟ್ ಎಂದರೆ ಡ್ರೈವನ್ನು ಒಂದು ಫೋಲ್ಡರಿನ ದಾರಿಯಲ್ಲಿ ಕೂರಿಸುವುದು. ಗುರುತಿಸುವ ಬಗೆಯಾಗಿ ಆ ವಿಭಾಗಕ್ಕೇ ಮೀಸಲಾದ ಗುರುತುಸಂಖ್ಯೆ, ಅಂದರೆ ಯುಯುಐಡಿ ಆರಿಸಿ. ಆಯ್ಕೆಗಳ ಸಾಲಿನಲ್ಲಿ ‘ನೊಫೇಲ್’ ಎಂಬ ಪದ ಇದ್ದೇ ಇರಬೇಕು. ಈ ಆಯ್ಕೆಗಳು ಬರೆದಿರುವ ‘ಎಫ್‌ಎಸ್‌ಟ್ಯಾಬ್’ ಫೈಲನ್ನು ಕೈಯಿಂದ ತಿದ್ದುವವರು ಇದನ್ನೇ ಮರೆಯುತ್ತಾರೆ. ಮಾರನೆಯ ದಿನ ಡ್ರೈವ್ ಹಾಕದೆ ಲ್ಯಾಪ್‌ಟಾಪ್ ಶುರು ಮಾಡಿದರೆ ಅದು 90 ಸೆಕೆಂಡ್ ಕಾದು, ಸಿಗದೆ, ತುರ್ತು ಸ್ಥಿತಿಯ ಕಪ್ಪು ಪರದೆಗೆ ಹೋಗಿ ನಿಲ್ಲುತ್ತದೆ.

ಬ್ಯಾಕಪ್‌ಗೆ ಆರ್‌ಸಿಂಕ್. ಬದಲಾದದ್ದನ್ನು ಮಾತ್ರ ನಕಲಿಸುತ್ತದೆ, ಕರೆಂಟ್ ಹೋಗಿ ನಡುವೆ ನಿಂತರೂ ಮತ್ತೆ ಅದೇ ಆಜ್ಞೆ ಕೊಟ್ಟರೆ ಉಳಿದದ್ದನ್ನು ಮುಂದುವರಿಸುತ್ತದೆ. ಮೊದಲು ಬರೀ ಪರೀಕ್ಷೆ: «ಆರ್‌ಸಿಂಕ್ -ಎವಿಎಚ್ --ಡ್ರೈ-ರನ್ ಮೂಲ/ ಗುರಿ/». ಪಟ್ಟಿ ಸರಿ ಕಂಡರೆ ‘ಡ್ರೈ-ರನ್’ ತೆಗೆದು ಓಡಿಸಿ. ಮೂಲದ ಕೊನೆಯ ಓರೆಗೆರೆಯನ್ನು ಗಮನಿಸಿ. ಗೆರೆ ಇದ್ದರೆ ಫೋಲ್ಡರಿನ ಒಳಗಿರುವುದು ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಗುರಿಯೊಳಗೆ ಹೋಗಿ ಕೂರುತ್ತದೆ. ಒಂದು ದಿನ ಹೀಗೆ, ಒಂದು ದಿನ ಹಾಗೆ ಕೊಟ್ಟರೆ ಡ್ರೈವಿನಲ್ಲಿ ಎರಡೆರಡು ಪ್ರತಿ. ‘--ಡಿಲೀಟ್’ ಸೇರಿಸಿದರೆ ಲ್ಯಾಪ್‌ಟಾಪಿನಲ್ಲಿ ಅಳಿಸಿದ್ದು ಬ್ಯಾಕಪ್‌ನಲ್ಲೂ ಅಳಿಯುತ್ತದೆ. ತಪ್ಪಿ ಅಳಿಸಿದ ಫೋಟೊ ವಾಪಸ್ ಬೇಕಾಗಬಹುದು, ಅದನ್ನು ಸುಮ್ಮನೆ ಸೇರಿಸಬೇಡಿ.

ಇನ್ನೊಂದು ಹೊಂಡ ಇದೆ. ಡ್ರೈವ್ ಹಾಕಲು ಮರೆತು ಆರ್‌ಸಿಂಕ್ ಓಡಿಸಿದರೆ ಆ ದಾರಿಯ ಖಾಲಿ ಫೋಲ್ಡರ್ ಲ್ಯಾಪ್‌ಟಾಪಿನೊಳಗೇ ಇರುತ್ತದೆ. ಬ್ಯಾಕಪ್ ಪೂರ್ತಿ ಅಲ್ಲಿಗೇ ಬಿದ್ದು ಒಳಗಿನ ಡಿಸ್ಕ್ ತುಂಬಿಹೋಗುತ್ತದೆ, ನೀವು ಮಾತ್ರ ಬ್ಯಾಕಪ್ ಆಯಿತೆಂದು ನೆಮ್ಮದಿಯಲ್ಲಿರುತ್ತೀರಿ. ಆಜ್ಞೆಯ ಮುಂದೆ «ಮೌಂಟ್‌ಪಾಯಿಂಟ್ ಗುರಿ &&» ಎಂದು ಸೇರಿಸಿದರೆ ಡ್ರೈವ್ ಇಲ್ಲದಾಗ ಅದು ಮುಂದೆ ಹೋಗುವುದೇ ಇಲ್ಲ. ‘ಟೈಮ್‌ಶಿಫ್ಟ್’ ಬಳಸುವವರಿಗೊಂದು ಮಾತು: ಅದು ಸಿಸ್ಟಂ ಫೈಲುಗಳಿಗೆ, ಮೊದಲಿದ್ದ ಹಾಗೇ ಬಿಟ್ಟರೆ ನಿಮ್ಮ ಫೋಟೊ, ದಾಖಲೆಗಳನ್ನು ಮುಟ್ಟುವುದಿಲ್ಲ.

ಡ್ರೈವ್ ಕೈಕೊಟ್ಟಾಗ

ಡ್ರೈವ್ ನಡುನಡುವೆ ಮಾಯವಾಗಿ ಮತ್ತೆ ಬರುತ್ತಿದ್ದರೆ «ಸುಡೊ ಡಿಎಂಇಎಸ್‌ಜಿ -ಡಬ್ಲ್ಯು» ಕೊಟ್ಟು ನಕಲು ಮಾಡುತ್ತಾ ನೋಡಿ. ‘ಡಿಸ್ಕನೆಕ್ಟ್’ ಪದ ಬರುತ್ತಿದ್ದರೆ ಕೇಬಲ್, ಪೋರ್ಟ್, ಕರೆಂಟ್ ಈ ಮೂರನ್ನು ಬದಲಿಸಿ ನೋಡಿ. ಡೇಟಾ ವೇಗವಾಗಿ ಸಾಗಿಸುವ ವಿಧಾನದ ಹೆಸರಾದ ‘ಯುಎಎಸ್’ ಪದದೊಡನೆ ‘ಅಬಾರ್ಟ್’ ಬರುತ್ತಿದ್ದರೆ ಡಬ್ಬಿಯೊಳಗಿನ ಚಿಪ್ ಆ ವೇಗದ ವಿಧಾನವನ್ನು ಸರಿಯಾಗಿ ನಿಭಾಯಿಸುತ್ತಿಲ್ಲ. «ಎಲ್‌ಎಸ್‌ಯುಎಸ್‌ಬಿ» ತೋರಿಸುವ, ನಡುವೆ ಎರಡು ಚುಕ್ಕಿ ಇರುವ ಗುರುತುಸಂಖ್ಯೆಯನ್ನು ಬರೆದುಕೊಂಡು, ಲ್ಯಾಪ್‌ಟಾಪ್ ಶುರುವಾಗುವಾಗ ಕರ್ನೆಲ್‌ಗೆ ಕೊಡುವ ಆಯ್ಕೆಗಳ ಸಾಲಿಗೆ ‘ಯುಎಸ್‌ಬಿ-ಸ್ಟೋರೇಜ್.ಕ್ವರ್ಕ್ಸ್=ಸಂಖ್ಯೆ:ಯು’ ಎಂದು ಸೇರಿಸಿದರೆ ಹಳೆಯ ವಿಧಾನದಲ್ಲಿ ಓಡುತ್ತದೆ. ವೇಗ ಸ್ವಲ್ಪ ಇಳಿಯುತ್ತದೆ, ಮಾಯವಾಗುವುದು ನಿಲ್ಲುತ್ತದೆ.

ಇಎಕ್ಸ್‌ಟಿ4 ಡ್ರೈವ್ ಏಕಾಏಕಿ ಓದಲು ಮಾತ್ರ ಸಿಕ್ಕರೆ ದೋಷ ಕಂಡು ಅದೇ ಬಾಗಿಲು ಹಾಕಿಕೊಂಡಿದೆ. ಮೊದಲು ಸ್ಮಾರ್ಟ್ ನೋಡಿ. ಡಿಸ್ಕ್ ಗಟ್ಟಿ ಇದ್ದರೆ ಅನ್‌ಮೌಂಟ್ ಮಾಡಿ «ಸುಡೊ ಇ2ಎಫ್‌ಎಸ್‌ಸಿಕೆ -ಎಫ್ /ಡೆವ್/ಎಸ್‌ಡಿಬಿ1». ಮೌಂಟ್ ಆಗಿರುವಾಗ ಇದನ್ನು ಓಡಿಸಿದರೆ ಉಳಿದದ್ದೂ ಹಾಳಾಗುತ್ತದೆ.

197 ಮತ್ತು 198ರ ಅಂಕಿ ಏರುತ್ತಿದ್ದರೆ ರಿಪೇರಿಗೆ ಕೈ ಹಾಕಬೇಡಿ. ಪ್ರತಿ ಓದೂ ಡಿಸ್ಕಿನ ಆಯುಷ್ಯ ತಿನ್ನುತ್ತಿದೆ, ಇರುವ ಉಸಿರನ್ನು ನಕಲಿಗೆ ಬಳಸಿ. ಉಬುಂಟುವಿನಲ್ಲಿ ‘ಜಿಡಿಡಿರೆಸ್ಕ್ಯೂ’ ಎಂಬ ಪ್ಯಾಕೇಜ್, ಆಜ್ಞೆಯ ಹೆಸರು ‘ಡಿಡಿರೆಸ್ಕ್ಯೂ’. ಕೆಟ್ಟ ಡಿಸ್ಕಿಗಿಂತ ಹೆಚ್ಚು ಖಾಲಿ ಜಾಗ ಇರುವ ಇಎಕ್ಸ್‌ಟಿ4 ಡ್ರೈವ್ ಹಾಕಿ, ಅದರೊಳಗೆ ಟರ್ಮಿನಲ್ ತೆರೆದು, ಮೊದಲ ಸುತ್ತಿಗೆ «ಸುಡೊ ಡಿಡಿರೆಸ್ಕ್ಯೂ -ಎನ್ /ಡೆವ್/ಎಸ್‌ಡಿಬಿ ನಕಲು.ಐಎಂಜಿ ನಕ್ಷೆ.ಮ್ಯಾಪ್». ಇದು ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಂಡು, ಕಷ್ಟದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿಟ್ಟು ಮುಂದೆ ಹೋಗುತ್ತದೆ. ಎರಡನೇ ಸುತ್ತಿನಲ್ಲಿ ‘-ಎನ್’ ಬದಲು ‘-ಡಿ -ಆರ್3’ ಕೊಟ್ಟು ಅದೇ ನಕ್ಷೆಯ ಹೆಸರು ಹಾಕಿ. ಬಿಟ್ಟ ಜಾಗಗಳಿಗೆ ಮಾತ್ರ ಮೂರು ಸಲ ಪ್ರಯತ್ನಿಸುತ್ತದೆ. ನಕ್ಷೆ ಕಳೆದರೆ ಮೊದಲಿನಿಂದ ಶುರು ಮಾಡಬೇಕು, ಆ ಡಿಸ್ಕ್ ಅಷ್ಟು ದಿನ ಬದುಕಿರಲಿಕ್ಕಿಲ್ಲ. ಮುಗಿದ ಮೇಲೆ ಮೂಲ ಡಿಸ್ಕ್ ಕಳಚಿಟ್ಟು, ಫೈಲ್ ಹುಡುಕುವ ‘ಟೆಸ್ಟ್‌ಡಿಸ್ಕ್’, ‘ಫೋಟೊರೆಕ್’ ಕೆಲಸವನ್ನೆಲ್ಲ ನಕಲಿನ ಮೇಲೆ ನಡೆಸಿ. ಹೊರತೆಗೆದ ಫೈಲುಗಳನ್ನು ಮೂರನೆಯ ಜಾಗದಲ್ಲಿ ಉಳಿಸಿ.

ಡಿಸ್ಕಿನೊಳಗಿಂದ ಕೆರೆಯುವ ಅಥವಾ ಲಯಬದ್ಧವಾಗಿ ಕುಟ್ಟುವ ಸದ್ದು ಬರುತ್ತಿದ್ದು, ಕೇಬಲ್ ಪೋರ್ಟ್ ಬದಲಿಸಿದರೂ ನಿಲ್ಲದಿದ್ದರೆ ಡಿಡಿರೆಸ್ಕ್ಯೂ ಕೂಡ ಬೇಡ. ಕೂಡಲೇ ಕರೆಂಟ್ ತೆಗೆಯಿರಿ. ಡಬ್ಬಿ ಬಿಚ್ಚಬೇಡಿ, ಫ್ರಿಜ್ಜಿನಲ್ಲಿಡಬೇಡಿ, ಮತ್ತೆ ಮತ್ತೆ ಹಾಕಿ ನೋಡಬೇಡಿ. ಒಳಗಿನ ತಟ್ಟೆಯ ಮೇಲೆ ಇನ್ನೂ ಗೀರು ಬೀಳದ ಭಾಗವನ್ನು ಕ್ಲೀನ್‌ರೂಮ್ ಇರುವ ಡೇಟಾ ರಿಕವರಿಯವರಷ್ಟೇ ಓದಬಲ್ಲರು. ಅದಕ್ಕೆ ಬೆಂಗಳೂರು ಅಥವಾ ಹೈದರಾಬಾದಿಗೆ ಕಳಿಸುವುದಾದರೆ ಡಿಸ್ಕನ್ನು ಅದರ ಕೇಬಲ್ ಸಮೇತ ಆಂಟಿಸ್ಟ್ಯಾಟಿಕ್ ಚೀಲದಲ್ಲಿ ಹಾಕಿ, ಸುತ್ತಲೂ ಎರಡು ಇಂಚು ಬಬಲ್‌ರ್‍ಯಾಪ್ ಸುತ್ತಿ, ಪೆಟ್ಟಿಗೆಯೊಳಗೆ ಅಲುಗಾಡದಂತೆ ಕಟ್ಟಿ ಕಳಿಸಿ. ಯಾವ ಫಾರ್ಮ್ಯಾಟ್, ಲಕ್ಸ್ ಇದೆಯೇ, ಮೊದಲು ಬೇಕಾದ ಫೋಲ್ಡರ್ ಯಾವುದು ಎಂಬುದನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ.